ಎರಡು ದೇಶಗಳ ಕಬ್ಬಿಣದ ಅದಿರಿನ ಸಂಪತ್ತನ್ನು ಹೋಲಿಸುವ ಕ್ರಮ

ಒಂದು ದೇಶದ ಕಬ್ಬಿಣದ ಅದಿರಿನ ಮೌಲ್ಯವೆಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರದ ಹಿಂದೆ ಒಂದೇ ಒಂದು ಗುಣಾಕಾರವಿರುತ್ತದೆ: ನೆಲದಲ್ಲಿರುವ ಟನ್ನುಗಳ ಸಂಖ್ಯೆಯನ್ನು ಆ ದಿನದ ಮಾರುಕಟ್ಟೆ ದರದಿಂದ ಗುಣಿಸುವುದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರ ಆರಂಭದಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಆಸ್ಟ್ರೇಲಿಯಾದಲ್ಲಿ 5,800 ಕೋಟಿ ಟನ್ ಮತ್ತು ಬ್ರೆಜಿಲ್‌ನಲ್ಲಿ 3,400 ಕೋಟಿ ಟನ್ ಅದಿರಿನ ನಿಕ್ಷೇಪವಿದೆ. ಟನ್ನಿಗೆ 100 ಡಾಲರ್ ಎಂದು ಹಿಡಿದರೆ ಮೊದಲನೆಯದರ ಸಂಪತ್ತು 5.8 ಲಕ್ಷ ಕೋಟಿ ಡಾಲರ್, ಎರಡನೆಯದರದು 3.4 ಲಕ್ಷ ಕೋಟಿ ಡಾಲರ್ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಆ 100 ಡಾಲರ್ ಎಂಬುದು ಅಗೆದು, ಜರಡಿ ಹಿಡಿದು, ರೈಲಿನಲ್ಲಿ ಸಾಗಿಸಿ, ಹಡಗಿಗೆ ತುಂಬಿ, ಚೀನಾದ ಬಂದರಿಗೆ ತಲುಪಿಸಿದ ನಿರ್ದಿಷ್ಟ ಗುಣಮಟ್ಟದ ಒಣ ಅದಿರಿನ ಬೆಲೆಯೇ ಹೊರತು ನೆಲದೊಳಗಿನ ಕಲ್ಲಿನ ಬೆಲೆಯಲ್ಲ. ಮೇಲಾಗಿ ಆ ಟನ್ನುಗಳಲ್ಲಿ ಬಹುಪಾಲು ಹೊರಬರಲು ಇನ್ನೂ ಹಲವು ದಶಕಗಳು ಬೇಕು. ಹೀಗಾಗಿ ಹೋಲಿಕೆ ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಲೆಕ್ಕವನ್ನು ಟನ್ನಿನಿಂದ ಆರಂಭಿಸಿದರೂ, ಪ್ರತಿ ಟನ್ನಿನಲ್ಲಿ ವೆಚ್ಚ ಕಳೆದು ಉಳಿಯುವುದೆಷ್ಟು ಮತ್ತು ಅದು ಯಾವ ವರ್ಷ ಕೈಸೇರುತ್ತದೆ ಎಂಬಲ್ಲಿಗೆ ಒಯ್ದು ಮುಟ್ಟಿಸಬೇಕು. ಇದಕ್ಕೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಹೆಚ್ಚು ಬೇಕಾಗುವುದು ಅಂಕಿಗಳನ್ನು ಆರಿಸುವಾಗಿನ ಎಚ್ಚರ.

ನಿಕ್ಷೇಪದ ಅಂಕಿಗಳನ್ನು ಒಂದೇ ಅಳತೆಗೆ ತರುವುದು

ಗಣಿ ಕ್ಷೇತ್ರದ ವರದಿಗಳಲ್ಲಿ ಎರಡು ಬಗೆಯ ಪ್ರಮಾಣಗಳು ಸಿಗುತ್ತವೆ. ಭೂಮಿಯಲ್ಲಿ ಇದೆಯೆಂದು ಶೋಧನೆಯಿಂದ ಅಂದಾಜಿಸಿದ ಒಟ್ಟು ಅದಿರು ಒಂದು. ಅದರಲ್ಲಿ ಇಂದಿನ ತಂತ್ರಜ್ಞಾನ, ಬೆಲೆ, ಕಾನೂನುಗಳ ಮಿತಿಯೊಳಗೆ ಲಾಭಕ್ಕೆ ತೆಗೆಯಬಹುದಾದ ಭಾಗ ಇನ್ನೊಂದು. ಮೊದಲನೆಯದನ್ನು ಸಂಪನ್ಮೂಲ ಎಂದೂ ಎರಡನೆಯದನ್ನು ಮೀಸಲು ಎಂದೂ ಈ ಲೇಖನದಲ್ಲಿ ಕರೆಯೋಣ. ಹೋಲಿಕೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಒಂದು ದೇಶದ ಸಂಪನ್ಮೂಲವನ್ನು ಇನ್ನೊಂದು ದೇಶದ ಮೀಸಲಿನ ಪಕ್ಕದಲ್ಲಿಟ್ಟರೂ ಎರಡೂ ಅಂಕಿಗಳು ಅಧಿಕೃತ ಪುಟಗಳಿಂದಲೇ ಬಂದಿರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತದ ಅಂಕಿಗಳು ಇದಕ್ಕೆ ಒಳ್ಳೆಯ ಉದಾಹರಣೆ. 2015ರ ಏಪ್ರಿಲ್ 1ರ ರಾಷ್ಟ್ರೀಯ ಖನಿಜ ಗಣತಿಯಲ್ಲಿ ಹೆಮಟೈಟ್ ಎಂಬ ಬಗೆಯ ಕಬ್ಬಿಣದ ಅದಿರು ಒಟ್ಟು ಸುಮಾರು 2,249 ಕೋಟಿ ಟನ್ ಎಂದಿದೆ, ಆದರೆ ಅದರಲ್ಲಿ ಮೀಸಲೆಂದು ಗುರುತಿಸಿದ್ದು 542 ಕೋಟಿ ಟನ್ ಮಾತ್ರ. ಇನ್ನೊಂದು ಬಗೆಯಾದ ಮ್ಯಾಗ್ನಟೈಟ್‌ನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು: ಒಟ್ಟು ಸುಮಾರು 1,079 ಕೋಟಿ ಟನ್ನಿನಲ್ಲಿ ಮೀಸಲು ಕೇವಲ 5.3 ಕೋಟಿ ಟನ್. ಮ್ಯಾಗ್ನಟೈಟ್‌ನ ದೊಡ್ಡ ಪಾಲು ಪಶ್ಚಿಮ ಘಟ್ಟಗಳ ಅರಣ್ಯದಡಿಯಲ್ಲಿದೆ. ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಕಲ್ಲು ಅಲ್ಲಿಯೇ ಇದೆ, ಆದರೆ ಅದನ್ನು ಮಾರುವಂತಿಲ್ಲವಾದ್ದರಿಂದ ಮೌಲ್ಯದ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಈ ಎರಡು ಒಟ್ಟು ಮೊತ್ತಗಳನ್ನು ಕೂಡಿಸಿದರೆ ಸುಮಾರು 3,328 ಕೋಟಿ ಟನ್ ಆಗುತ್ತದೆ. ಅದನ್ನು ಬ್ರೆಜಿಲ್‌ನ 3,400 ಕೋಟಿ ಟನ್ನಿನ ಪಕ್ಕದಲ್ಲಿಟ್ಟವರು ಎರಡೂ ದೇಶಗಳು ಸಮಸಮ ಎಂಬ ತೀರ್ಮಾನಕ್ಕೆ ಬರುತ್ತಾರೆ. ಬ್ರೆಜಿಲ್‌ನ ಅಂಕಿ ಮೀಸಲಿನದು. ಅದೇ ಅಮೆರಿಕದ ಪಟ್ಟಿಯಲ್ಲಿ ಭಾರತಕ್ಕೆ ಕೊಟ್ಟಿರುವುದು 550 ಕೋಟಿ ಟನ್. ಆರು ಪಟ್ಟು ವ್ಯತ್ಯಾಸ ಒಂದು ಅಂಕಣದ ಶೀರ್ಷಿಕೆಯನ್ನು ಓದದಿರುವುದರಿಂದ ಮರೆಯಾಗಿಬಿಡುತ್ತದೆ.

ಮೀಸಲು ಎಂಬ ಒಂದೇ ಹೆಸರಿನಡಿಯಲ್ಲೂ ಅಳತೆಗಳು ಬೇರೆಬೇರೆಯಾಗಿರುತ್ತವೆ. ಮೀಸಲನ್ನು ವರದಿ ಮಾಡುವ ನಿಯಮಗಳಾಗಿ ಆಸ್ಟ್ರೇಲಿಯಾದ ಕಂಪನಿಗಳು ಜೋರ್ಕ್ ಸಂಹಿತೆಯನ್ನು, ದಕ್ಷಿಣ ಆಫ್ರಿಕಾದವು ಸ್ಯಾಮ್ರೆಕ್ ಸಂಹಿತೆಯನ್ನು ಅನುಸರಿಸುತ್ತವೆ. ರಷ್ಯಾದಲ್ಲಿ ಸೋವಿಯತ್ ಕಾಲದಿಂದ ಬಂದ ಅಕ್ಷರಗಳ ವರ್ಗೀಕರಣವಿದೆ. ವಿಶ್ವಸಂಸ್ಥೆಯದು ಮತ್ತೊಂದು ಚೌಕಟ್ಟು. ಇಷ್ಟೂ ಸಾಲದೆಂಬಂತೆ, ಆಸ್ಟ್ರೇಲಿಯಾದ 5,800 ಕೋಟಿ ಟನ್ ಎಂಬ ಅಂಕಿ ಅಲ್ಲಿನ ಸರ್ಕಾರಿ ಭೂವೈಜ್ಞಾನಿಕ ಸಂಸ್ಥೆಯ ವಿಶಾಲ ವ್ಯಾಖ್ಯೆಯಿಂದ ಬಂದದ್ದು. ಜೋರ್ಕ್ ಸಂಹಿತೆಗೆ ಹೊಂದುವ ಮೀಸಲು ಅದರ ಅರ್ಧಕ್ಕೂ ಕಡಿಮೆ, ಮತ್ತು ಅದನ್ನು ಪಟ್ಟಿಯ ಅಡಿಟಿಪ್ಪಣಿಯಲ್ಲಿ ಮಾತ್ರ ಹೇಳಿರುತ್ತಾರೆ. ಆದ್ದರಿಂದ ಎರಡೂ ದೇಶಗಳಿಗೆ ಒಂದೇ ಪ್ರಕಟಣೆಯ, ಒಂದೇ ವರ್ಷದ, ಒಂದೇ ಅಂಕಣದ ಅಂಕಿಯನ್ನು ತೆಗೆದುಕೊಂಡು ಅಡಿಟಿಪ್ಪಣಿಗಳನ್ನು ಓದಿದ ಮೇಲೆಯೇ ಮುಂದುವರಿಯಬೇಕು. ಅನಂತರ ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿನ ಮೀಸಲು ವಿವರಗಳನ್ನು ಕೂಡಿಸಿ, ದೇಶದ ಮೊತ್ತಕ್ಕೆ ಅವು ಎಷ್ಟು ಹತ್ತಿರ ಬರುತ್ತವೆ ಎಂದು ತಾಳೆ ನೋಡುವುದು ಒಳ್ಳೆಯದು.

ಈ ಅಂಕಿಗಳು ಶಾಶ್ವತವೂ ಅಲ್ಲ. ತನ್ನಲ್ಲಿ ಅದಿರು ಸಾಕಷ್ಟಿಲ್ಲವೆಂಬ ಆತಂಕದಿಂದ ಆಸ್ಟ್ರೇಲಿಯಾ 1938ರಲ್ಲಿ ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿತ್ತು. 1960ರಲ್ಲಿ ನಿಷೇಧ ಸಡಿಲಗೊಂಡು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಶೋಧನೆ ಬಿರುಸಾದ ಮೇಲೆ ಅದೇ ದೇಶ ಜಗತ್ತಿನ ಅತಿ ದೊಡ್ಡ ರಫ್ತುದಾರನಾಯಿತು. ಮೀಸಲನ್ನು ವಾರ್ಷಿಕ ಉತ್ಪಾದನೆಯಿಂದ ಭಾಗಿಸಿ, ಇನ್ನು ಇಪ್ಪತ್ತು ವರ್ಷಕ್ಕೆ ಭಾರತದ ಅದಿರು ಮುಗಿಯುತ್ತದೆ ಎಂದು ಹೇಳುವವರು ಶೋಧನೆಯಿಂದ ಸಂಪನ್ಮೂಲವು ಮೀಸಲಾಗಿ ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಮರೆತಿರುತ್ತಾರೆ.

ಅದಿರಿನ ತೂಕ, ಕಬ್ಬಿಣದ ತೂಕ

ಮುಂದಿನ ಹೆಜ್ಜೆ ಅದಿರಿನ ಟನ್ನುಗಳನ್ನು ಅದರೊಳಗಿನ ಕಬ್ಬಿಣದ ಟನ್ನುಗಳಾಗಿ ಬದಲಿಸುವುದು. ಶುದ್ಧ ಹೆಮಟೈಟ್‌ನಲ್ಲಿ ಸುಮಾರು ಶೇ. 70ರಷ್ಟು, ಶುದ್ಧ ಮ್ಯಾಗ್ನಟೈಟ್‌ನಲ್ಲಿ ಶೇ. 72ರಷ್ಟು ಕಬ್ಬಿಣವಿರುತ್ತದೆ, ಗಣಿಯಿಂದ ಬರುವ ಅದಿರಿನಲ್ಲಿ ಮಣ್ಣು, ಸಿಲಿಕಾ, ಅಲ್ಯೂಮಿನಾ ಎಲ್ಲವೂ ಸೇರಿರುವುದರಿಂದ ಪ್ರಮಾಣ ಇದಕ್ಕಿಂತ ಕಡಿಮೆ. ಇದೇ 2024ರ ಪಟ್ಟಿಯಲ್ಲಿ ಚೀನಾದ ಮೀಸಲು 2,000 ಕೋಟಿ ಟನ್, ಅದರೊಳಗಿನ ಕಬ್ಬಿಣ 690 ಕೋಟಿ ಟನ್. ಭಾರತದ 550 ಕೋಟಿ ಟನ್ನಿನಲ್ಲಿ ಕಬ್ಬಿಣ 340 ಕೋಟಿ ಟನ್. ಅದಿರಿನ ತೂಕದಲ್ಲಿ ಚೀನಾ ಭಾರತದ ಮೂರೂವರೆ ಪಟ್ಟಿಗಿಂತ ಹೆಚ್ಚು, ಕಬ್ಬಿಣದ ತೂಕದಲ್ಲಿ ಎರಡು ಪಟ್ಟು ಮಾತ್ರ. ಆಸ್ಟ್ರೇಲಿಯಾಕ್ಕೆ 2,700 ಕೋಟಿ, ಬ್ರೆಜಿಲ್‌ಗೆ 1,500 ಕೋಟಿ ಟನ್ ಎಂದಿರುವುದರಿಂದ ಆ ಎರಡರ ನಡುವಿನ ಅನುಪಾತ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಕಡಿಮೆ ಕಬ್ಬಿಣಾಂಶದ ಅದಿರನ್ನು ಪುಡಿ ಮಾಡಿ, ಕಾಂತದಿಂದಲೋ ನೀರಿನಿಂದಲೋ ಬೇರ್ಪಡಿಸಿ ಸಾಂದ್ರಗೊಳಿಸಬೇಕಾಗುತ್ತದೆ. ಶೇ. 30ರಷ್ಟು ಕಬ್ಬಿಣವಿರುವ ಮ್ಯಾಗ್ನಟೈಟ್ ಅದಿರಿನಿಂದ ಐದರಲ್ಲಿ ನಾಲ್ಕು ಭಾಗ ಕಬ್ಬಿಣವನ್ನು ಹೊರತೆಗೆಯಬಹುದಾದರೆ, ಶೇ. 67ರ ಒಂದು ಟನ್ ಸಾಂದ್ರೀಕೃತ ಅದಿರಿಗೆ 2.8 ಟನ್ ಕಲ್ಲು ಬೇಕು, ಉಳಿದ 1.8 ಟನ್ ಕೆಸರಾಗಿ ಅಣೆಕಟ್ಟೆಯ ಹಿಂದೆ ನಿಲ್ಲುತ್ತದೆ. ಹಾಗೆಂದು ಇಂಥ ಅದಿರನ್ನು ಕಳಪೆಯೆಂದು ತಳ್ಳಿಹಾಕುವಂತಿಲ್ಲ. ಪೆಲೆಟ್ ಎನ್ನುವ ಸುಟ್ಟ ಅದಿರಿನ ಉಂಡೆಗಳನ್ನು ತಯಾರಿಸುವಾಗ ಮ್ಯಾಗ್ನಟೈಟ್ ಉತ್ಕರ್ಷಣಗೊಂಡು ತಾನೇ ಶಾಖ ಬಿಡುವುದರಿಂದ ಇಂಧನ ಉಳಿಯುತ್ತದೆ. ಸ್ವೀಡನ್ನಿನ ಕಿರುನಾ ಗಣಿ ನೆಲದಡಿಯ ದುಬಾರಿ ಗಣಿಗಾರಿಕೆಯ ನಡುವೆಯೂ ಉಳಿದುಕೊಂಡಿರುವುದಕ್ಕೆ ಅಲ್ಲಿನ ಶ್ರೀಮಂತ ಮ್ಯಾಗ್ನಟೈಟ್ ಮತ್ತು ಅದರಿಂದಾಗುವ ಪೆಲೆಟ್‌ಗಳೇ ಕಾರಣ. ಉತ್ಪಾದನೆಯ ಅಂಕಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು: ಚೀನಾ ಸಂಸ್ಕರಣೆಗೆ ಮುಂಚಿನ ಕಚ್ಚಾ ಅದಿರಿನ ತೂಕವನ್ನು ಪ್ರಕಟಿಸುತ್ತದೆ, ಉಳಿದ ಬಹುತೇಕ ದೇಶಗಳು ಮಾರಾಟಕ್ಕೆ ಸಿದ್ಧವಾದ ಅದಿರಿನ ತೂಕವನ್ನು ಕೊಡುತ್ತವೆ.

ಒಂದು ಟನ್ನಿಗೆ ಸಿಗುವ ಬೆಲೆ

ಪತ್ರಿಕೆಗಳಲ್ಲಿ ಕಾಣುವ ದರ ಬಹುಕಾಲದಿಂದ ಶೇ. 62ರಷ್ಟು ಕಬ್ಬಿಣವಿರುವ ಪುಡಿ ಅದಿರಿನದು, ಅಂದರೆ ವ್ಯಾಪಾರದಲ್ಲಿ ಫೈನ್ಸ್ ಎನ್ನುವುದರದು. ಅದು ಚೀನಾದ ಕಿಂಗ್‌ಡಾವ್ ಬಂದರಿನವರೆಗಿನ ಹಡಗು ಬಾಡಿಗೆಯನ್ನು ಒಳಗೊಂಡಿರುತ್ತದೆ ಮತ್ತು ಒಣ ಟನ್ನಿಗೆ ಅನ್ವಯಿಸುತ್ತದೆ. ಶೇ. 58 ಮತ್ತು ಶೇ. 65ರ ಅದಿರುಗಳಿಗೆ ಬೇರೆ ಸೂಚ್ಯಂಕಗಳಿವೆ. ಗಟ್ಟಿ ಅದಿರು, ಅಂದರೆ ಲಂಪ್ಸ್, ನೇರವಾಗಿ ಊದುಕುಲುಮೆಗೆ ಹೋಗುವುದರಿಂದ ಅದಕ್ಕೆ ಹೆಚ್ಚುವರಿ ಬೆಲೆ ಸಿಗುತ್ತದೆ, ಪೆಲೆಟ್‌ಗೆ ಇನ್ನೂ ಹೆಚ್ಚು.

ಕಬ್ಬಿಣಾಂಶ ಕಡಿಮೆಯಾದಷ್ಟೇ ಬೆಲೆಯೂ ಕಡಿಮೆಯಾಗುತ್ತದೆ ಎಂದು ತ್ರೈರಾಶಿ ಹಾಕಿ ಮುಗಿಸುವುದು ಸಾಲದು. ಶೇ. 58ರ ಅದಿರನ್ನು ಕರಗಿಸಲು ಹೆಚ್ಚು ಕೋಕ್ ಬೇಕು, ಹೆಚ್ಚು ಕಿಟ್ಟ ಬರುತ್ತದೆ, ಕುಲುಮೆಯ ಉತ್ಪಾದನೆ ತಗ್ಗುತ್ತದೆ. ಆದ್ದರಿಂದ ಉಕ್ಕಿನ ಕಾರ್ಖಾನೆಗಳು ಅದಕ್ಕೆ ಕಬ್ಬಿಣಾಂಶದ ವ್ಯತ್ಯಾಸಕ್ಕಿಂತ ಹೆಚ್ಚಿನ ಕಡಿತ ಕೇಳುತ್ತವೆ. ಉಕ್ಕಿನಲ್ಲಿ ಲಾಭ ಚೆನ್ನಾಗಿದ್ದಾಗ ಈ ಕಡಿತ ಹಿಗ್ಗುತ್ತದೆ, ಲಾಭ ಕುಗ್ಗಿದಾಗ ಕಾರ್ಖಾನೆಗಳು ಅಗ್ಗದ ಅದಿರಿಗೆ ಮುಗಿಬೀಳುವುದರಿಂದ ಕುಗ್ಗುತ್ತದೆ. ಅಲ್ಯೂಮಿನಾ, ಸಿಲಿಕಾ, ರಂಜಕಗಳಿಗೂ ಪ್ರತ್ಯೇಕ ದಂಡವಿದೆ. ಬ್ರೆಜಿಲ್‌ನ ಕರಾಜಾಸ್ ಅದಿರು ಸುಮಾರು ಶೇ. 65ರಷ್ಟು ಕಬ್ಬಿಣ ಮತ್ತು ಕಡಿಮೆ ಕಲ್ಮಶಗಳಿಂದಾಗಿ ಬೇರೆ ಅದಿರಿನ ಜೊತೆ ಬೆರೆಸಲು ಬೇಡಿಕೆ ಪಡೆದಿದೆ. ಪಿಲ್ಬರಾದ ಉತ್ಪನ್ನಗಳಲ್ಲಿ ಶೇ. 62ರ ಆಸುಪಾಸಿನವೂ ಇವೆ, ಶೇ. 58ಕ್ಕಿಂತ ಕೆಳಗಿನವೂ ಇವೆ. ಹೀಗಿರುವಾಗ ಇಡೀ ದೇಶಕ್ಕೆ ಒಂದೇ ದರವನ್ನು ಹಚ್ಚುವ ಬದಲು ಮುಖ್ಯ ಉತ್ಪನ್ನಗಳನ್ನು ಎರಡು ಮೂರು ಗುಂಪುಗಳಾಗಿ ವಿಂಗಡಿಸಿ, ತೂಕಕ್ಕೆ ತಕ್ಕಂತೆ ಸರಾಸರಿ ತೆಗೆಯಬೇಕು. ಹೊರೆ ಕಡಿಮೆ ಮಾಡಿಕೊಳ್ಳಬೇಕೆಂದರೆ ವಿಶ್ವಸಂಸ್ಥೆಯ ವ್ಯಾಪಾರ ದತ್ತಾಂಶದಲ್ಲಿ 2601 ಸಂಕೇತದಡಿ ಸಿಗುವ ರಫ್ತಿನ ಮೌಲ್ಯವನ್ನು ರಫ್ತಿನ ತೂಕದಿಂದ ಭಾಗಿಸಿದರೂ ಒಂದು ನಂಬಲರ್ಹವಾದ ಸರಾಸರಿ ಬರುತ್ತದೆ. ಆ ತೂಕದಲ್ಲಿ ತೇವಾಂಶ ಸೇರಿರಬಹುದು ಎಂಬುದು ನೆನಪಿರಲಿ. ಸಾಮಾನ್ಯವಾಗಿ ಅದು ಶೇ. 5ರಿಂದ 10ರಷ್ಟಿರುತ್ತದೆ, ನೀರಿಗೆ ಯಾರೂ ಹಣ ಕೊಡುವುದಿಲ್ಲ.

ಹಡಗು ಬಾಡಿಗೆ ಕಡೆಗಣಿಸುವಂಥದ್ದಲ್ಲ. ಪಿಲ್ಬರಾದ ಬಂದರುಗಳಿಂದ ಉತ್ತರ ಚೀನಾಕ್ಕೆ ಸುಮಾರು 3,500 ನಾಟಿಕಲ್ ಮೈಲಿ, ಎರಡು ವಾರದೊಳಗಿನ ಪಯಣ. ಬ್ರೆಜಿಲ್‌ನಿಂದ ಸುಮಾರು 11,000 ನಾಟಿಕಲ್ ಮೈಲಿ, ಆರು ವಾರದ ಆಸುಪಾಸು. ಬಾಡಿಗೆ ಸಾಮಾನ್ಯವಾಗಿ ಎರಡು ಪಟ್ಟಿಗಿಂತ ಹೆಚ್ಚು. ಬ್ರೆಜಿಲ್‌ನ ಅದಿರಿಗೆ ಗುಣಮಟ್ಟದಿಂದ ಸಿಗುವ ಹೆಚ್ಚುವರಿ ಬೆಲೆಯ ದೊಡ್ಡ ಭಾಗ ಸಮುದ್ರದ ಮೇಲೆಯೇ ಕರಗುತ್ತದೆ. ಈ ಮಾತನ್ನು ಟನ್ನುಗಳ ಪಟ್ಟಿ ಎಂದೂ ಹೇಳುವುದಿಲ್ಲ. ಅದಿರನ್ನು ಬಹುತೇಕ ಸ್ವಂತ ಕಾರ್ಖಾನೆಗಳಲ್ಲೇ ಬಳಸುವ ದೇಶವಾದರೆ ಅಲ್ಲಿನ ಒಳಮಾರುಕಟ್ಟೆ ದರವನ್ನು ಹಾಗೆಯೇ ಹಿಡಿಯಬಾರದು, ಏಕೆಂದರೆ ರಫ್ತು ಸುಂಕವೇ ಆ ದರವನ್ನು ಕೆಳಗೆ ಒತ್ತಿರಬಹುದು. ಭಾರತವು 2022ರ ಮೇ ತಿಂಗಳಲ್ಲಿ ಸುಂಕವನ್ನು ಶೇ. 50ಕ್ಕೆ ಏರಿಸಿ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು; ಆ ಆರು ತಿಂಗಳಲ್ಲಿ ನೆಲದೊಳಗಿನ ಅದಿರು ಬದಲಾಗಲಿಲ್ಲ. ರಫ್ತು ಮಾಡಿದ್ದರೆ ಬಂದರಿನಲ್ಲಿ ಸಿಗುತ್ತಿದ್ದ ಬೆಲೆಯೇ ಎರಡೂ ಕಡೆಗೆ ನ್ಯಾಯವಾದ ಅಳತೆ.

ಯಾವ ದಿನದ ದರ ಎಂಬುದು ಇನ್ನೊಂದು ತೊಡಕು. ವರ್ಷಕ್ಕೊಮ್ಮೆ ದರ ನಿಗದಿ ಮಾಡುವ ಪದ್ಧತಿ 2010ರಲ್ಲಿ ಮುರಿದುಬಿದ್ದ ಮೇಲೆ ಕಬ್ಬಿಣದ ಅದಿರಿನ ಬೆಲೆ ದಿನದಿನವೂ ಏರಿಳಿಯುತ್ತಿದೆ: 2015ರ ಡಿಸೆಂಬರ್‌ನಲ್ಲಿ 40 ಡಾಲರ್‌ಗಿಂತ ಕೆಳಗೆ, 2021ರ ಮೇ ತಿಂಗಳಲ್ಲಿ 230 ಡಾಲರ್‌ಗಿಂತ ಮೇಲೆ, ಅದೇ ನವೆಂಬರ್‌ನಲ್ಲಿ 90ಕ್ಕಿಂತ ಕೆಳಗೆ. ಒಂದು ದಿನದ ದರವನ್ನು ಐವತ್ತು ವರ್ಷದ ಅದಿರಿಗೆ ಹಚ್ಚುವುದರಲ್ಲಿ ಅರ್ಥವಿಲ್ಲ. ಐದರಿಂದ ಹತ್ತು ವರ್ಷಗಳ ಸರಾಸರಿಯನ್ನು, ಹಣದುಬ್ಬರಕ್ಕೆ ಸರಿಹೊಂದಿಸಿ, ಎರಡೂ ದೇಶಗಳಿಗೆ ಒಂದೇ ಆಗಿ ಬಳಸಬೇಕು.

ವೆಚ್ಚ ಕಳೆದು ಉಳಿಯುವ ಗೇಣಿ

ಬಂದರಿನ ಬೆಲೆಯಿಂದ ಗಣಿಗಾರಿಕೆ, ಸಂಸ್ಕರಣೆ, ರೈಲು, ಬಂದರುಗಳ ಚಾಲ್ತಿ ವೆಚ್ಚವನ್ನು ಕಳೆಯಬೇಕು. ಅನಂತರ ಯಂತ್ರ, ಹಳಿ, ಜೆಟ್ಟಿಗಳ ಸವಕಳಿಯನ್ನೂ ಆ ಬಂಡವಾಳಕ್ಕೆ ನ್ಯಾಯವಾಗಿ ಸಲ್ಲಬೇಕಾದ ಪ್ರತಿಫಲವನ್ನೂ ಕಳೆಯಬೇಕು. ಉಳಿಯುವ ಹಣವೇ ಅರ್ಥಶಾಸ್ತ್ರಜ್ಞರು ಹೇಳುವ ಗೇಣಿ, ಅಂದರೆ ಅದಿರು ಅಲ್ಲಿ ಇರುವುದರಿಂದಲೇ ಬಂದ ಪ್ರತಿಫಲ. ವಿಶ್ವಸಂಸ್ಥೆಯ ಪರಿಸರ-ಆರ್ಥಿಕ ಲೆಕ್ಕಪದ್ಧತಿಯೂ ವಿಶ್ವಬ್ಯಾಂಕ್‌ನ ರಾಷ್ಟ್ರೀಯ ಸಂಪತ್ತಿನ ಅಂದಾಜುಗಳೂ ಇದೇ ದಾರಿಯನ್ನು ಹಿಡಿದಿವೆ.

ಬಂಡವಾಳದ ಭಾಗವನ್ನು ಬಿಟ್ಟುಬಿಡುವುದು ಹೊಸಬರ ಲೆಕ್ಕದಲ್ಲಿ ಬಹಳ ಸಾಮಾನ್ಯ, ಏಕೆಂದರೆ ಕಂಪನಿಗಳು ಹೆಮ್ಮೆಯಿಂದ ಪ್ರಕಟಿಸುವ ಟನ್ನಿನ ವೆಚ್ಚದಲ್ಲಿ ಅದು ಇರುವುದಿಲ್ಲ. ಕಬ್ಬಿಣದ ಅದಿರು ಅಗ್ಗದ ಸರಕು, ಭಾರದ ಸರಕು; ಆದ್ದರಿಂದ ಅದರ ವ್ಯವಹಾರ ಅರ್ಧಕ್ಕರ್ಧ ರೈಲಿನ ವ್ಯವಹಾರ ಎನ್ನುವುದು ಉತ್ಪ್ರೇಕ್ಷೆಯಾಗಲಾರದು. ಕರಾಜಾಸ್‌ನಿಂದ ಅಟ್ಲಾಂಟಿಕ್ ತೀರಕ್ಕೆ 892 ಕಿಲೋಮೀಟರ್ ಹಳಿಯಿದೆ. ಗಿನಿ ದೇಶದ ಸಿಮಾಂಡು ಬೆಟ್ಟಗಳ ಅದಿರು ಶೇ. 65ಕ್ಕಿಂತ ಹೆಚ್ಚು ಕಬ್ಬಿಣವಿರುವಂಥದ್ದು. ಅಲ್ಲಿ ಶೋಧನೆಯ ಪರವಾನಗಿ ಕೊಟ್ಟದ್ದು 1997ರಲ್ಲಿ, ಮೊದಲ ಹಡಗು ಹೊರಟದ್ದು 2025ರ ಕೊನೆಗೆ. ನಡುವಿನ ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಕ್ಕಿನ ವ್ಯಾಜ್ಯಗಳ ಜೊತೆಗೆ ಕಾಡಿದ್ದು 600 ಕಿಲೋಮೀಟರಿಗೂ ಉದ್ದದ ರೈಲುಮಾರ್ಗ ಮತ್ತು ಹೊಸ ಬಂದರಿನ ಖರ್ಚು. ಅಷ್ಟು ಕಾಲ ಆ ಅದಿರು ಪಟ್ಟಿಗಳಲ್ಲಿ ಶ್ರೀಮಂತವಾಗಿಯೇ ಇತ್ತು, ಬೊಕ್ಕಸಕ್ಕೆ ಬಂದದ್ದು ಮಾತ್ರ ಬಹಳ ಕಡಿಮೆ.

ರಾಜಧನವನ್ನು ಮಾತ್ರ ವೆಚ್ಚವೆಂದು ಕಳೆಯಬಾರದು. ಅದು ಗೇಣಿಯಲ್ಲಿ ಸರ್ಕಾರ ಪಡೆಯುವ ಪಾಲು. ಕಳೆದರೆ ಹೆಚ್ಚು ರಾಜಧನ ವಿಧಿಸುವ ದೇಶದ ಅದಿರು ಬಡವಾಗಿ ಕಾಣುತ್ತದೆ, ಲಾಭಕ್ಕೆ ಮತ್ತೆ ಕೂಡಿಸಿದರೆ ಒಂದೇ ಹಣ ಎರಡು ಸಲ ಎಣಿಕೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಗಣಿ ಮುಚ್ಚಿ ನೆಲವನ್ನು ಸರಿಪಡಿಸುವ ವೆಚ್ಚವನ್ನೂ ಕೆಸರಿನ ಅಣೆಕಟ್ಟೆಗಳ ಹೊಣೆಯನ್ನೂ ಕಳೆಯಲೇಬೇಕು. ಬ್ರೆಜಿಲ್‌ನ ಮರಿಯಾನಾದಲ್ಲಿ 2015ರ ನವೆಂಬರ್ 5ರಂದು ಒಡೆದ ಅಣೆಕಟ್ಟೆ 19 ಜನರನ್ನು ಬಲಿ ತೆಗೆದುಕೊಂಡಿತು. 2019ರ ಜನವರಿ 25ರಂದು ಬ್ರುಮಾಡಿನ್ಯೊದಲ್ಲಿ ಇನ್ನೊಂದು ಅಣೆಕಟ್ಟೆ ಒಡೆದು 270 ಜನ ಸತ್ತರು, ಮತ್ತು ಅಲ್ಲಿನ ಗಣಿ ಕಂಪನಿಯ ಒಟ್ಟು ಉತ್ಪಾದನೆ ಹಿಂದಿನ ವರ್ಷದ ಸುಮಾರು 38.5 ಕೋಟಿ ಟನ್ನಿನಿಂದ ಸುಮಾರು 30 ಕೋಟಿಗೆ ಕುಸಿಯಿತು. ಒದ್ದೆ ಸಂಸ್ಕರಣೆಯನ್ನು ಹೆಚ್ಚಾಗಿ ಅವಲಂಬಿಸಿದ ದೇಶವನ್ನು ಒಣ ಅದಿರನ್ನು ಜರಡಿ ಹಿಡಿದು ಮಾರುವ ದೇಶದೊಂದಿಗೆ ಹೋಲಿಸುವಾಗ ಈ ಹೊಣೆಗೆ ಅಂಕಿಯ ರೂಪ ಕೊಡದಿದ್ದರೆ ಫಲಿತಾಂಶ ಮೊದಲನೆಯದರ ಕಡೆಗೆ ವಾಲುತ್ತದೆ.

ವಿನಿಮಯ ದರದ ಬಗ್ಗೆ ಒಂದು ಮಾತು ಸಾಕು. ಬೆಲೆ ಡಾಲರಿನಲ್ಲಿ, ವೆಚ್ಚದ ದೊಡ್ಡ ಭಾಗ ಸ್ಥಳೀಯ ಹಣದಲ್ಲಿ ಇರುವುದರಿಂದ ಬ್ರೆಜಿಲ್‌ನ ರಿಯಾಲ್ ಕುಸಿದರೆ ಅಲ್ಲಿನ ಅದಿರಿನ ಗೇಣಿ ಏರುತ್ತದೆ. ಹಾಗಾಗಿ ವೆಚ್ಚವನ್ನು ಕೂಡ ಬೆಲೆಗೆ ಬಳಸಿದ ಅವಧಿಯ ಸರಾಸರಿ ವಿನಿಮಯ ದರದಲ್ಲಿಯೇ ಪರಿವರ್ತಿಸಬೇಕು.

ಲೆಕ್ಕದ ಒಂದು ಮಾದರಿ

ಎರಡು ಕಲ್ಪಿತ ದೇಶಗಳನ್ನು ತೆಗೆದುಕೊಳ್ಳೋಣ. 'ಕ' ದೇಶದ ಮೀಸಲು 2,000 ಕೋಟಿ ಟನ್, ವರ್ಷದ ಉತ್ಪಾದನೆ 40 ಕೋಟಿ ಟನ್, ಗುಣಮಟ್ಟ ಶೇ. 58. 'ಖ' ದೇಶದ ಮೀಸಲು 500 ಕೋಟಿ ಟನ್, ಉತ್ಪಾದನೆ 10 ಕೋಟಿ ಟನ್, ಗುಣಮಟ್ಟ ಶೇ. 65. ಎರಡೂ ಕಡೆ ಮೀಸಲು 50 ವರ್ಷ ಬಾಳುತ್ತದೆ. ಶೇ. 62ರ ಅದಿರಿನ ದೀರ್ಘಾವಧಿ ಸರಾಸರಿ ದರ ಒಣ ಟನ್ನಿಗೆ 100 ಡಾಲರ್ ಎಂದಿರಲಿ.

'ಕ' ದೇಶದ ಅದಿರಿಗೆ ಕಡಿತದ ನಂತರ 84 ಡಾಲರ್ ಸಿಗುತ್ತದೆ. ಹಡಗು ಬಾಡಿಗೆ 11, ಗಣಿಯಿಂದ ಬಂದರಿನವರೆಗಿನ ವೆಚ್ಚ 28, ಬಂಡವಾಳದ ವೆಚ್ಚ 15 ಕಳೆದರೆ ಗೇಣಿ 30 ಡಾಲರ್. 'ಖ' ದೇಶಕ್ಕೆ 116 ಡಾಲರ್ ಸಿಗುತ್ತದೆ. ಬಾಡಿಗೆ 25, ಚಾಲ್ತಿ ವೆಚ್ಚ 26, ಬಂಡವಾಳ 20 ಕಳೆದರೆ ಗೇಣಿ 45 ಡಾಲರ್. ವರ್ಷಕ್ಕೆ 'ಕ' ದೇಶದ ಗೇಣಿ 1,200 ಕೋಟಿ ಡಾಲರ್, 'ಖ' ದೇಶದ್ದು 450 ಕೋಟಿ.

ಐವತ್ತು ವರ್ಷಗಳ ಗೇಣಿಯನ್ನು ನೇರವಾಗಿ ಕೂಡಿಸುವಂತಿಲ್ಲ, ಏಕೆಂದರೆ ಇಂದಿನ ನೂರು ರೂಪಾಯಿಯೂ ಐವತ್ತು ವರ್ಷದ ನಂತರದ ನೂರು ರೂಪಾಯಿಯೂ ಒಂದೇ ಅಲ್ಲ. ಪ್ರತಿ ವರ್ಷದ ಗೇಣಿಯನ್ನು ವಟ್ಟದ ದರದಿಂದ ಇಂದಿನ ಮೌಲ್ಯಕ್ಕೆ ಇಳಿಸಬೇಕು. ವಿಶ್ವಬ್ಯಾಂಕ್‌ನ ಅಂದಾಜುಗಳಲ್ಲಿ ಇದು ಶೇ. 4. ಪ್ರತಿ ವರ್ಷ ಸಮ ಮೊತ್ತ ಬರುತ್ತದೆ ಎಂದಿಟ್ಟುಕೊಂಡರೆ ಶೇ. 4ರಲ್ಲಿ 50 ವರ್ಷಗಳ ಗುಣಕ, ಅಂದರೆ ಒಂದು ವರ್ಷದ ಗೇಣಿಯನ್ನು ಗುಣಿಸಿ ಇಂದಿನ ಮೌಲ್ಯ ಪಡೆಯುವ ಸಂಖ್ಯೆ, 21.48. ಸ್ಪ್ರೆಡ್‌ಶೀಟಿನ ಪಿವಿ ಸೂತ್ರ ಇದನ್ನೇ ಕೊಡುತ್ತದೆ. 'ಕ' ದೇಶದ ಅದಿರಿನ ಇಂದಿನ ಮೌಲ್ಯ ಸುಮಾರು 25,800 ಕೋಟಿ ಡಾಲರ್, 'ಖ' ದೇಶದ್ದು ಸುಮಾರು 9,670 ಕೋಟಿ. ಟನ್ನಿಗೆ 100 ಡಾಲರ್ ಹಚ್ಚಿ ಗುಣಿಸಿದ್ದರೆ 'ಕ' ದೇಶಕ್ಕೆ 2 ಲಕ್ಷ ಕೋಟಿ ಡಾಲರ್ ಬರುತ್ತಿತ್ತು. ಸರಿಯಾದ ಲೆಕ್ಕದಲ್ಲಿ ಉಳಿದದ್ದು ಅದರ ಎಂಟನೆಯ ಒಂದು ಭಾಗದಷ್ಟು. ಟನ್ನುಗಳಲ್ಲಿ ನಾಲ್ಕಕ್ಕೆ ಒಂದಿದ್ದ ಅನುಪಾತ ಮೌಲ್ಯದಲ್ಲಿ 2.7ಕ್ಕೆ ಒಂದಾಗಿದೆ.

ಈಗ 'ಖ' ದೇಶದ ರೈಲುಮಾರ್ಗ ಇನ್ನೂ ಆಗಿಲ್ಲ, ಅದಿರು ಹೊರಬರಲು ಹತ್ತು ವರ್ಷ ಬೇಕು ಎಂದಿಟ್ಟುಕೊಳ್ಳಿ. ಒಂದು ಟನ್ನೂ ಕಡಿಮೆಯಾಗದೆ ಅದರ ಮೌಲ್ಯ 9,670ರಿಂದ 6,530 ಕೋಟಿ ಡಾಲರಿಗೆ ಇಳಿಯುತ್ತದೆ. ವಟ್ಟದ ದರವನ್ನು ಶೇ. 8 ಎಂದು ಹಿಡಿದರೆ ಗುಣಕ 12.23ಕ್ಕೆ ಕುಸಿದು, 'ಕ' ದೇಶದ್ದು 14,680 ಕೋಟಿಯೂ ಹತ್ತು ವರ್ಷ ತಡವಾದ 'ಖ' ದೇಶದ್ದು 2,550 ಕೋಟಿಯೂ ಆಗುತ್ತದೆ. ದರ ಹೆಚ್ಚಾದಷ್ಟೂ ಇಂದೇ ಅಗೆಯುತ್ತಿರುವ ದೇಶಕ್ಕೆ ಅನುಕೂಲ. ಇದರ ಇನ್ನೊಂದು ಮುಖವೂ ಇದೆ: ಮೀಸಲು ಐವತ್ತರ ಬದಲು ನೂರು ವರ್ಷ ಬಾಳಿದರೂ ಶೇ. 4ರಲ್ಲಿ ಗುಣಕ 24.5 ಮಾತ್ರ, ಅಂದರೆ ಅದಿರು ಇಮ್ಮಡಿಯಾದರೂ ಮೌಲ್ಯ ಹೆಚ್ಚುವುದು ಶೇ. 14ರಷ್ಟು. ಶತಕೋಟಿ ಟನ್ನುಗಳ ಹೊಸ ನಿಕ್ಷೇಪ ಸಿಕ್ಕಿತೆಂಬ ಸುದ್ದಿಗಳು ಬಂದಾಗ, ಅದರಿಂದ ವಾರ್ಷಿಕ ಉತ್ಪಾದನೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ.

ಮೌಲ್ಯ ಯಾರ ಕೈಗೆ

ಇಲ್ಲಿಯವರೆಗೆ ಬಂದದ್ದು ದೇಶದೊಳಗಿನ ಅದಿರಿನ ಮೌಲ್ಯ. ದೇಶದ ಜನರ ಸಂಪತ್ತು ಎನ್ನಬೇಕಾದರೆ ಹಂಚಿಕೆಯನ್ನೂ ನೋಡಬೇಕು. ಪಶ್ಚಿಮ ಆಸ್ಟ್ರೇಲಿಯಾ ಜರಡಿ ಹಿಡಿದ ಅದಿರಿನ ಮೇಲೆ ಶೇ. 7.5, ಸಾಂದ್ರೀಕೃತ ಅದಿರಿನ ಮೇಲೆ ಶೇ. 5 ರಾಜಧನ ಪಡೆಯುತ್ತದೆ. ಬ್ರೆಜಿಲ್‌ನಲ್ಲಿ 2017ರ ತಿದ್ದುಪಡಿಯ ನಂತರ ಅದು ಶೇ. 3.5, ಭಾರತದಲ್ಲಿ 2014ರಿಂದ ಶೇ. 15, ಮತ್ತು ಹರಾಜಿನಲ್ಲಿ ಪಡೆದ ಗಣಿಗಳಿಗೆ ಅದರ ಮೇಲೆ ಹರಾಜಿನ ಪ್ರೀಮಿಯಂ. ಈ ದರಗಳನ್ನು ಮಾತ್ರ ನೋಡಿ ತೀರ್ಪು ಕೊಡುವುದು ಸರಿಯಲ್ಲ, ಏಕೆಂದರೆ ಆದಾಯ ತೆರಿಗೆ, ಸರ್ಕಾರದ ಷೇರು, ಕಂಪನಿಯ ಷೇರುದಾರರು ಎಲ್ಲಿಯವರು ಎಂಬುದೆಲ್ಲವೂ ಸೇರಿ ಪಾಲು ತೀರ್ಮಾನವಾಗುತ್ತದೆ. ಸ್ವೀಡನ್ನಿನ ಮುಖ್ಯ ಗಣಿ ಕಂಪನಿ ಪೂರ್ತಿಯಾಗಿ ಸರ್ಕಾರದ್ದೇ. ತಲಾ ಲೆಕ್ಕ ಹಾಕಿದರೆ ಚಿತ್ರ ಇನ್ನೊಮ್ಮೆ ತಿರುಗುತ್ತದೆ: ಮೀಸಲಿನ ಟನ್ನುಗಳಲ್ಲಿ ಆಸ್ಟ್ರೇಲಿಯಾ ಬ್ರೆಜಿಲ್‌ನ ಎರಡು ಪಟ್ಟಿಗಿಂತ ಕಡಿಮೆ, ಆದರೆ ಅಲ್ಲಿನ ಪ್ರತಿಯೊಬ್ಬರಿಗೆ ಸುಮಾರು 2,100 ಟನ್ ಬಂದರೆ ಬ್ರೆಜಿಲ್‌ನವರಿಗೆ ಬರುವುದು 160 ಟನ್ನಿನ ಆಸುಪಾಸು. ಒಟ್ಟು ಮೌಲ್ಯ, ಸರ್ಕಾರದ ಪಾಲು, ತಲಾ ಮೌಲ್ಯ ಇವು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಯಾವುದನ್ನು ಕೇಳಿದ್ದೀರಿ ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಬರೆಯಬೇಕು.

ಕ್ರಮಾಂಕ ತಿರುಗುವ ಬೆಲೆ

ಲೆಕ್ಕ ಮುಗಿದ ಮೇಲೆ ಬೆಲೆಯನ್ನು ಮೇಲೆ ಕೆಳಗೆ ಮಾಡಿ ನೋಡದೆ ಯಾರಿಗೂ ತೋರಿಸಬಾರದು. ಮಾದರಿಯ ದೇಶಗಳಲ್ಲಿ, ಗುಣಮಟ್ಟಕ್ಕಾಗಿ ಕಳೆಯುವ ಅಥವಾ ಕೂಡಿಸುವ 16 ಡಾಲರೂ ಸೇರಿ ಉಳಿದದ್ದೆಲ್ಲ ಹಾಗೆಯೇ ಇದ್ದು ದರ 130 ಡಾಲರಿಗೆ ಏರಿದರೆ ವಾರ್ಷಿಕ ಗೇಣಿ 2,400 ಕೋಟಿ ಮತ್ತು 750 ಕೋಟಿ ಡಾಲರ್ ಆಗಿ ಅಂತರ ಹಿಗ್ಗುತ್ತದೆ. ದರ 70ಕ್ಕೆ ಇಳಿದರೆ 'ಕ' ದೇಶದ ಗೇಣಿ ಸೊನ್ನೆ, 'ಖ' ದೇಶದ್ದು ಇನ್ನೂ 150 ಕೋಟಿ. ಎರಡೂ ಸಮವಾಗುವುದು 75 ಡಾಲರಿನಲ್ಲಿ, ಆಗ ಇಬ್ಬರದೂ ವರ್ಷಕ್ಕೆ 200 ಕೋಟಿ. ನಿಜ ಜೀವನದಲ್ಲಿ ಬೆಲೆ ಬಿದ್ದಾಗ ಹಡಗು ಬಾಡಿಗೆಯೂ ಡೀಸೆಲ್ಲೂ ಅಗ್ಗವಾಗುವುದುಂಟು, ಕಂಪನಿಗಳು ವೆಚ್ಚವನ್ನು ಬಿಗಿ ಹಿಡಿಯುವುದೂ ಉಂಟು, ಆದ್ದರಿಂದ ಈ ಗಡಿ ಒಂದಿಷ್ಟು ಕೆಳಗೆ ಸರಿಯಬಹುದು. ಆದರೂ ಯಾವ ಬೆಲೆಯ ಕೆಳಗೆ ಕ್ರಮಾಂಕ ತಿರುಗುತ್ತದೆ ಎಂಬ ಅಂಕಿ, ಮೀಸಲಿನ ವರ್ಷ, ಬೆಲೆಯ ಸರಾಸರಿ ಅವಧಿ ಮತ್ತು ವಟ್ಟದ ದರಗಳ ಜೊತೆಗೆ, ಫಲಿತಾಂಶದ ಮೊದಲ ಸಾಲಿನಲ್ಲೇ ಇರಬೇಕು. ಕಳೆದ ಹದಿನೈದು ವರ್ಷಗಳಲ್ಲಿ ಮಾರುಕಟ್ಟೆ 75 ಡಾಲರಿನ ಗೆರೆಯನ್ನು ಎರಡೂ ದಿಕ್ಕಿನಲ್ಲಿ ದಾಟಿದೆ.